ಓವನ್ನಿನಲ್ಲಿಟ್ಟ ಹಾಡು

ಸುರುಳಿಯಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ರೇಡಿಯೋ ಕೇಂದ್ರದ ನೆಲಮಾಳಿಗೆಯಲ್ಲಿ ಟೇಪಿನ ಸುರುಳಿಗಳ ನಡುವೆ ಕೂತು ಕೂತು ಆ ಹೆಸರು ಸಂಬಳದ ದಿನ ಮಾತ್ರ ಕೆಲಸಕ್ಕೆ ಬರುವಂಥದ್ದಾಗಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಕೇಂದ್ರದ ಮುಖ್ಯಸ್ಥೆಯವರೆಗೆ ಎಲ್ಲರ ಬಾಯಲ್ಲೂ ಅವನು ಸುರುಳಿಯಪ್ಪನೇ. ಹೆಂಡತಿ ಕೂಡ ಸಿಟ್ಟು ಬಂದಾಗ "ಏನ್ರೀ ಸುರುಳಿಯಪ್ನೋರೇ" ಎಂದೇ ಶುರು ಮಾಡುವಳು. ಅಷ್ಟು ಕಿವಿಗೆ ಬಿದ್ದರೆ ಸಾಕು, ಆಸಾಮಿ ಚಪ್ಪಲಿ ಹುಡುಕತೊಡಗುವನು.

ಅವನ ಕೆಲಸ ಹೇಳುವುದಕ್ಕೆ ಸುಲಭ. ಹಳೇ ಟೇಪುಗಳು ಹಾಳಾಗಿ ಹೋಗುವ ಮೊದಲು ಒಂದೊಂದನ್ನೇ ಯಂತ್ರಕ್ಕೆ ಹಾಕಿ, ಅದರಲ್ಲಿರುವ ದನಿಯನ್ನು ಕಂಪ್ಯೂಟರಿಗೆ ತುಂಬಿಸುವುದು. ಮಾಡಲು ಹೋದರೆ ಮಾತ್ರ ಹೆಣ ಬಿದ್ದುಹೋಗುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತದೆ. ಪುಸ್ತಕವಾದರೆ ನಾಲ್ಕು ಹಾಳೆ ಹಾರಿಸಬಹುದು, ಸಭೆಯಾದರೆ ಹೊಟ್ಟೆನೋವೆಂದು ಎದ್ದು ಬರಬಹುದು. ಟೇಪಿನ ಮುಂದೆ ಆ ಆಟವೆಲ್ಲ ನಡೆಯುವುದಿಲ್ಲ. ಯಾರೋ ಮಂತ್ರಿ ಯಾವುದೋ ಕಾಲದಲ್ಲಿ ಸೇತುವೆ ಉದ್ಘಾಟಿಸಿರುತ್ತಾನೆ, ಮಂತ್ರಿಯೂ ಹೋಗಿರುತ್ತಾನೆ, ಸೇತುವೆಯೂ ಹೋಗಿರುತ್ತದೆ, ಭಾಷಣ ಮಾತ್ರ ಇನ್ನೂ ಮುಗಿದಿರುವುದಿಲ್ಲ. ಸುರುಳಿಯಪ್ಪ ಅದನ್ನೆಲ್ಲ ಕಿವಿಗೊಟ್ಟು ಕೇಳಿದ್ದ. ಹಾಗಾಗಿ ಮನೆಯಲ್ಲೇ ಸಾಬೂನು ತಯಾರಿಸುವುದು, ಹಲ್ಲಿನ ಹುಳುಕು, ಸಹಕಾರಿ ಸಂಘಗಳ ಚುನಾವಣೆ, ಎಲ್ಲದರ ಬಗ್ಗೆಯೂ ಅವನು ನಿಂತ ನಿಲುವಿನಲ್ಲಿ ಮಾತಾಡಬಲ್ಲವನಾಗಿದ್ದ. ಕೇಳುವವರು ಇರಲಿಲ್ಲ ಅಷ್ಟೇ.

ಅವನದೊಂದು ಹಟ ಇಡೀ ಕೇಂದ್ರಕ್ಕೆ ಗೊತ್ತಿತ್ತು. ಟೇಪಿನಲ್ಲಿ ಇದ್ದದ್ದು ಇದ್ದ ಹಾಗೇ ಕಂಪ್ಯೂಟರಿಗೆ ಹೋಗಬೇಕು. ಯಾರೋ ಸೀನಿದ್ದನ್ನು ತೆಗೆದರೂ ಅವನ ಲೆಕ್ಕದಲ್ಲಿ ಅದು ಕಳ್ಳತನ. ಒಮ್ಮೆ ಹಿರಿಯ ಗಾಯಕರೊಬ್ಬರ ಟೇಪು ಬಂತು. ಅವರು ಆಲಾಪದ ನಡುವೆ ಭರ್ಜರಿಯಾಗಿ ಕೆಮ್ಮಿ, "ಕಿಟಕಿ ಮುಚ್ಚಯ್ಯಾ" ಎಂದು ಯಾರನ್ನೋ ಗದರಿಸಿ, ಮತ್ತೆ ಅದೇ ಸ್ವರಕ್ಕೆ ಬಂದು ಕೂತಿದ್ದರು. ಮುಖ್ಯಸ್ಥೆ ಮೇಡಂ ಅದನ್ನು ಕೇಳಿ ಹಣೆ ಹಣೆ ಚಚ್ಚಿಕೊಂಡರು.

"ಆ ಕೆಮ್ಮು ತೆಗೀರಿ. ಜನ ಹಾಡು ಕೇಳ್ತಾರೋ, ಕೆಮ್ಮು ಕೇಳ್ತಾರೋ?"

"ಕೆಮ್ಮಿದ್ದು ಅವರು ಮೇಡಂ. ತೆಗೆಯೋಕೆ ನಾನ್ಯಾರು?"

"ಕಿಟಕಿ ಮಾತನ್ನಾದ್ರೂ ತೆಗೀರಿ."

"ಕಿಟಕಿ ಮುಚ್ಚಿದ ಮೇಲೇ ದನಿ ಹದಕ್ಕೆ ಬಂದಿರೋದು ಮೇಡಂ. ಅದೂ ಇರಲಿ."

ಮೇಡಂ ಜಗಳಗಂಟಿಯಲ್ಲ. ಜನಕ್ಕೊಂದು ಪ್ರತಿ, ಸುರುಳಿಯಪ್ಪನಿಗೊಂದು ಪ್ರತಿ ಎಂದು ತೀರ್ಮಾನ ಕೊಟ್ಟು ಮೇಲೆ ಹೋದರು. ಇವನು ಒಂದಕ್ಕೆ 'ಕೆಮ್ಮು ಸಹಿತ' ಎಂದೂ ಇನ್ನೊಂದಕ್ಕೆ 'ಕೆಮ್ಮು ರಹಿತ' ಎಂದೂ ಹೆಸರು ಕೊಟ್ಟ. ಆ ಹೆಸರುಗಳು ಯಾರ ಕಣ್ಣಿಗೂ ಬೀಳದೆ ಹಾಗೇ ಕೇಂದ್ರದ ವೆಬ್‌ಸೈಟಿಗೆ ಏರಿದವು. ಮೇಡಂ ಒಂದು ವಾರ ಯಾರ ಫೋನನ್ನೂ ಎತ್ತಲಿಲ್ಲ.

ಇನ್ನು ಓವನ್ನಿನ ಸಂಗತಿ. ಒಂದು ಕಾಲದ ಟೇಪುಗಳಿಗೆ ಒಂದು ಕಾಯಿಲೆಯಿದೆ. ವರ್ಷಗಟ್ಟಲೆ ತೇವ ಕುಡಿದು ಮೈಯೆಲ್ಲ ಅಂಟಂಟಾಗಿರುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಕಿರ್ರೆಂದು ಅರಚಿ, ಕಂದು ಅಂಟನ್ನು ಯಂತ್ರದ ಮೂತಿಗೆ ಮೆತ್ತುತ್ತದೆ. ಅಂಟಿನ ಜೊತೆಗೆ ದನಿಯೂ ಕಿತ್ತುಬರುತ್ತದೆ. ಇದಕ್ಕೆ ಮದ್ದು ಒಂದೇ, ಬೆಚ್ಚಗಿನ ಓವನ್ನಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಟ್ಟು ಒಣಗಿಸುವುದು. ಶಾಖ ಹೆಚ್ಚಾದರೆ ಟೇಪು ಸೊಟ್ಟಗಾಗಿ ಕಸಕ್ಕೆ ಹೋಗುತ್ತದೆ, ಹದವಾಗಿ ಒಣಗಿದರೆ ಕೆಲವು ದಿನದ ಮಟ್ಟಿಗೆ ಹೊಸದರ ಹಾಗೆ ಓಡುತ್ತದೆ. ಕೇಂದ್ರಕ್ಕೆ ಇದಕ್ಕೆಂದೇ ಒಂದು ಓವನ್ನು ಬೇಕೆಂದು ಸುರುಳಿಯಪ್ಪ ಕೇಳಿದ. ರೇಡಿಯೋ ಕೇಂದ್ರದಲ್ಲಿ ಬೇಕರಿ ಯಾಕೆ ಎಂದು ಮೇಲಿನವರು ವಾಪಸು ಕೇಳಿದರು. ವಿವರಿಸಿ ವಿವರಿಸಿ ಸುಸ್ತಾದ ಮೇಲೆ ಅವನು ಮೇಡಂ ಅಪ್ಪಣೆ ಪಡೆದು ಟೇಪುಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಮನೆಗೇ ಹೊತ್ತು ತಂದ.

ಮನೆಯ ಓವನ್ನು ಹೆಂಡತಿಯದು. ಅರ್ಧ ಬೀದಿಗೆ ಬ್ರೆಡ್ಡು ಬಿಸ್ಕತ್ತು ಮಾಡಿಕೊಡುವವಳು ಅವಳು. ತನ್ನ ಓವನ್ನಿನ ಬಾಗಿಲನ್ನು ಗಂಡ ತೆಗೆಯುವುದೆಂದರೆ ಅವಳಿಗೆ ಮೈಯೆಲ್ಲ ಉರಿ.

"ಬೇರೆಯವರ ಗಂಡಂದಿರು ಮನೆಗೆ ತರಕಾರಿ ತರ್ತಾರೆ. ಇವರು ಸತ್ತವರ ದನಿ ತರ್ತಾರೆ. ನಾನದನ್ನ ಬೇಯಿಸ್ಬೇಕು."

"ಬೇಯ್ಸೋದಲ್ಲ ಕಣೇ, ಒಣಗಿಸೋದು."

"ಇವತ್ತು ಒಳಗಿರೋದು ಯಾರು?"

"ಸಹಕಾರಿ ಸಂಘದ ಅಧ್ಯಕ್ಷರು."

"ತೆಗೀರಿ ಅವರನ್ನ. ಬಿಸ್ಕತ್ತಿನ ಹಿಟ್ಟು ಕಾಯ್ತಾ ಇದೆ."

ಹೀಗೆ ಬಾಯಿಗೆ ಬಂದಂತೆ ಬೈದರೂ ಅವಳಿಗೆ ರೇಡಿಯೋದ ಮೇಲೆ ಒಂದು ಹಕ್ಕಿತ್ತು. ಸಣ್ಣವಳಿದ್ದಾಗ ಅದೇ ಕೇಂದ್ರದ ಮಕ್ಕಳ ಕಾರ್ಯಕ್ರಮದಲ್ಲಿ ಅವಳು ಒಬ್ಬಳೇ ಹಾಡಿದ್ದಳು. ಇದು ಬೀದಿಗೆಲ್ಲ ಗೊತ್ತು. ಸುರುಳಿಯಪ್ಪನಿಗೆ ಅವಳ ವಿಚಾರದಲ್ಲಿ ಮೊಟ್ಟಮೊದಲು ಗೊತ್ತಾದದ್ದೂ ಇದೇ. ಆಗಷ್ಟೇ ಕೇಂದ್ರಕ್ಕೆ ಸೇರಿದ್ದ ಅವನು ಯಾರದೋ ಮದುವೆಯಲ್ಲಿ, ತಾನು ರೇಡಿಯೋದವನೆಂದು ಕಾಲರು ಸರಿಮಾಡಿಕೊಂಡು ಹೇಳಿದಾಗ, ಎದುರಿಗಿದ್ದ ಹುಡುಗಿ "ನಾನೂ ಅಲ್ಲಿ ಹಾಡಿದ್ದೀನಿ" ಎಂದಿದ್ದಳು. ಇವನು ಬಾಯಿ ಬಿಟ್ಟುಕೊಂಡು ನಿಂತ. ಬಿಟ್ಟ ಬಾಯಿ ಮುಚ್ಚುವುದರೊಳಗೆ ಇವನ ಮದುವೆಯೇ ಆಗಿಹೋಗಿತ್ತು ಎಂದು ಅವನ ಅಣ್ಣ ಈಗಲೂ ಆಡಿಕೊಳ್ಳುತ್ತಾನೆ.

ತಕರಾರು ತೆಗೆದವಳು ನಾದಿನಿ, ಹೆಂಡತಿಯ ಬೆನ್ನಿಗೆ ಹುಟ್ಟಿದ ತಂಗಿ. "ಭಾವ, ಅವತ್ತು ಹಾಡಿದ್ದು ನಾನು" ಎಂದು ಅವಳು ಅಕ್ಕನ ಮದುವೆಯ ದಿನವೇ ಹೇಳಿದ್ದಳು. ಸುತ್ತ ಇದ್ದವರೆಲ್ಲ ನಕ್ಕರು. ರೇಡಿಯೋದಲ್ಲಿ ಹೇಳಿದ್ದು ಅಕ್ಕನ ಹೆಸರನ್ನು, ನೆಂಟರಿಷ್ಟರೆಲ್ಲ ಕಿವಿಯಾರೆ ಕೇಳಿದ್ದಾರೆ. ರೇಡಿಯೋನೇ ಹೇಳಿದ ಮೇಲೆ ಇವಳದೇನು, ಚಿಕ್ಕವಳು, ಹೊಟ್ಟೆಕಿಚ್ಚು ಎಂದು ತಳ್ಳಿಹಾಕಿದರು. ಆ ಮಾತು ಒಳಗೊಳಗೇ ಹೊಗೆಯಾಡಿತು. ಎಷ್ಟೋ ವರ್ಷದ ಮೇಲೆ ಸುರುಳಿಯಪ್ಪನ ಮನೆಯಲ್ಲೇ, ತುಂಬಿದ ನೆಂಟರ ನಡುವೆ, ಅಕ್ಕ ರೇಡಿಯೋ ಪುರಾಣವನ್ನು ಮತ್ತೆ ತೆಗೆದಾಗ ನಾದಿನಿ ಊಟದ ತಟ್ಟೆ ಬಿಟ್ಟು ಎದ್ದಳು.

"ಆ ಟೇಪು ಎಲ್ಲೋ ಇರತ್ತಲ್ಲ ಭಾವ, ಅದು ಬಾಯಿ ಬಿಡೋವರೆಗೂ ನಾನು ಈ ಮನೆ ಹೊಸಿಲು ತುಳಿಯಲ್ಲ."

ಹಾಗೆಂದು ಹೋದವಳು ಮತ್ತೆ ಬರಲೇ ಇಲ್ಲ. ಅವಳಿರುವುದೇನು ಏಳು ಸಮುದ್ರದಾಚೆ ಅಲ್ಲ, ಬಸ್ಸು ಹತ್ತಿ ಒಂದು ಆಕಳಿಕೆ ಮುಗಿಸುವುದರೊಳಗೆ ಬರುವ ಬಡಾವಣೆಯಲ್ಲಿ. ಅಕ್ಕತಂಗಿಯರು ಅಂಗಡಿಯಲ್ಲಿ ಎದುರಾದರೆ ಒಬ್ಬಳು ಸಾಬೂನು ನೋಡುವಳು, ಇನ್ನೊಬ್ಬಳು ಪೊರಕೆ ನೋಡುವಳು. ಪೊರಕೆಯಲ್ಲಿ ನೋಡುವುದಕ್ಕೆ ಏನಿದೆ ಎಂದು ಅಂಗಡಿಯವನಿಗೆ ಇವತ್ತಿಗೂ ತಿಳಿದಿಲ್ಲ.

ನಡುವೆ ಸಿಕ್ಕಿ ಒದ್ದಾಡಿದವನು ಸುರುಳಿಯಪ್ಪ. ನಾದಿನಿ ಅವನ ಜೊತೆ ಮಾತು ಬಿಟ್ಟಿರಲಿಲ್ಲ. ಆಗಾಗ ಫೋನು ಮಾಡಿ, ಊಟ ಆಯಿತಾ ಎಂದು ಕೂಡ ಕೇಳದೆ, "ಸಿಕ್ತಾ ಭಾವ?" ಎನ್ನುವಳು. ಹೆಂಡತಿ ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಟೇಪು ಸಿಗಬೇಕೋ ಬೇಡವೋ ಎಂಬುದು ಅವನಿಗೇ ಇತ್ಯರ್ಥವಾಗಿರಲಿಲ್ಲ. ಸಿಕ್ಕಿ, ಅದರಲ್ಲಿ ನಾದಿನಿಯ ದನಿಯೇ ಇದ್ದುಬಿಟ್ಟರೆ? ಹೆಂಡತಿಯ ಬ್ರೆಡ್ಡನ್ನು ಯಾರಾದರೂ ಹೊಗಳಿದರೆ ಅವಳು "ಅದರಲ್ಲೇನಿದೆ ಬಿಡಿ" ಎನ್ನುವಳು. ಮಕ್ಕಳನ್ನು ಹೊಗಳಿದರೆ "ಅಪ್ಪನ ಬುದ್ಧಿ ಬರದೇ ಇದ್ರೆ ಸಾಕು" ಎನ್ನುವಳು. ರೇಡಿಯೋ ಹಾಡು ಎಂದಾಗ ಮಾತ್ರ ಅವಳ ಕುತ್ತಿಗೆ ನೆಟ್ಟಗಾಗುತ್ತಿತ್ತು. ಅವಳ ಆ ಒಂದೇ ಒಂದು ಹೆಮ್ಮೆಯನ್ನು ತನ್ನ ಯಂತ್ರದ ಕೈಯಲ್ಲಿ ಕಿತ್ತುಕೊಳ್ಳಬೇಕಾಗಿ ಬಂದರೆ ಏನು ಗತಿ ಎಂದು ಅವನಿಗೆ ನಿಜಕ್ಕೂ ಭಯವಿತ್ತು.

ಕಪಾಟಿನ ಕೊನೆಯ ಸಾಲಿಗೆ ಬಂದಾಗ ಆ ಭಯ ರಟ್ಟಿನ ಡಬ್ಬಿಯ ರೂಪದಲ್ಲಿ ಕೈಗೇ ಬಂತು. ಡಬ್ಬಿಯ ಮೇಲೆ ಮಕ್ಕಳ ಕಾರ್ಯಕ್ರಮ ಎಂದು ಬರೆದಿತ್ತು, ಅದರ ಕೆಳಗೆ ಹೆಂಡತಿಯ ಹೆಸರು, ತವರಿನ ಹೆಸರು ಸಮೇತ. ಡಬ್ಬಿಯನ್ನು ಹಿಂದಕ್ಕೆ ತಳ್ಳಿ, ಕಂಡೇ ಇಲ್ಲ ಎಂದು ಸುಮ್ಮನಿದ್ದುಬಿಡೋಣವೇ ಎನ್ನಿಸಿ ಕೈ ಅತ್ತ ಹೋಯಿತು ಕೂಡ. ಅಷ್ಟರಲ್ಲಿ ಫೋನು. ನಾದಿನಿಯದೇ.

"ಸಿಕ್ತಾ ಭಾವ?"

ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ, "ಸಿಕ್ತು" ಎಂದುಬಿಟ್ಟಿತು.

"ಕೇಳಿದ್ರಾ?"

"ಇಲ್ಲಮ್ಮ, ಅಂಟಿಕೊಂಡಿದೆ. ಒಣಗಿಸ್ಬೇಕು."

"ಎಲ್ಲಿ ಒಣಗಿಸ್ತೀರಿ?"

"ನಮ್ಮ ಮನೇಲೇ. ಓವನ್ನಲ್ಲಿ."

"ಅಕ್ಕನ ಓವನ್ನಲ್ಲಾ?"

"ಹೂಂ."

"ಭಾವ, ನೀವು ಒಳ್ಳೆಯವರೋ ದಡ್ಡರೋ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ" ಎಂದು ಅವಳು ಫೋನಿಟ್ಟಳು.

ಮಾರನೆಯ ಬೆಳಿಗ್ಗೆ ಅವನು ಟೇಪನ್ನು ಓವನ್ನಿನಲ್ಲಿಟ್ಟು, ಗುಂಡಿಯನ್ನು ಹದಕ್ಕೆ ತಿರುಗಿಸಿ ನಿಲ್ಲಿಸಿದ. ಹೆಂಡತಿ ಡಬ್ಬಿಯ ಮೇಲಿನ ಬರಹವನ್ನು ಓದಿದಳು. ಇವತ್ತು ಯಾರು ಎಂದು ಕೇಳಲಿಲ್ಲ, ಬಿಸ್ಕತ್ತಿನ ಮಾತೆತ್ತಲಿಲ್ಲ, ಸುರುಳಿಯಪ್ನೋರೇ ಎನ್ನಲೂ ಇಲ್ಲ. ಬೈಗುಳವಿಲ್ಲದ ಆ ಅಡುಗೆಮನೆಯಲ್ಲಿ ಅವನಿಗೆ ಕಾಲು ನಿಲ್ಲದಂತಾಯಿತು. ಕೆಲಸಕ್ಕೇನೋ ಹೋದ. ಹೋಗಿ, ಒಂದು ಕೃಷಿ ಮಾರುಕಟ್ಟೆಯ ವರದಿಯನ್ನು ಹಿಂದುಮುಂದಾಗಿ ಯಂತ್ರಕ್ಕೆ ಹಾಕಿ, ಅದು ಉಲ್ಟಾ ಓಡುತ್ತಿದೆ ಎಂದು ತಿಳಿಯದೆ ಬಹಳ ಹೊತ್ತು ತಲೆದೂಗಿದ.

ಸಂಜೆ ಬಂದು ನೋಡಿದರೆ ಹೆಂಡತಿ ಓವನ್ನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕಲಸಿಟ್ಟ ಬ್ರೆಡ್ಡಿನ ಹಿಟ್ಟು ಉಬ್ಬಿ ಉಬ್ಬಿ ಪಾತ್ರೆಯಿಂದ ಹೊರಗೆ ಇಣುಕುತ್ತಿತ್ತು.

"ನಾನು ಮುಟ್ಟಿಲ್ಲ" ಎಂದಳು, ಅವನು ಕೇಳುವ ಮೊದಲೇ.

ನಿಜ, ಮುಟ್ಟಿರಲಿಲ್ಲ. ಟೇಪು ಹಪ್ಪಳದಷ್ಟು ಗರಿಗರಿಯಾಗಿ ಒಣಗಿತ್ತು.

ಮರುದಿನ ನೆಲಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡು, ಹೆಡ್‌ಫೋನು ತಲೆಗೇರಿಸಿ, ಅವನು ಯಂತ್ರ ಚಾಲೂ ಮಾಡಿದ. ಟೇಪು ಸರಾಗವಾಗಿ ಓಡಿತು. ಮೊದಲಿಗೆ ಸುಂಯ್ ಎಂಬ ಸದ್ದು. ಆಮೇಲೆ ಒಬ್ಬ ಪಡ್ಡೆ ಹುಡುಗನ ದನಿ, ಭಾರೀ ಗತ್ತಿನಲ್ಲಿ, "ಖಾಲಿ ಇದೆ, ಬಳಸಬಹುದು" ಎಂದಿತು. ಅದರ ಬೆನ್ನಿಗೇ ಪಶುವೈದ್ಯರೊಬ್ಬರು ಗಂಟಲು ಸರಿಮಾಡಿಕೊಂಡು, ಕೋಳಿಗಳಿಗೆ ಬರುವ ಭೇದಿಯ ಲಕ್ಷಣಗಳನ್ನು ವಿವರಿಸತೊಡಗಿದರು.

ಕೋಳಿಯ ಭೇದಿ ಅವನ ಕಿವಿಗೆ ಇಳಿಯಲೇ ಇಲ್ಲ. ಆ ಪಡ್ಡೆ ಹುಡುಗ ಯಾರೆಂದು ಅವನಿಗೆ ಮೊದಲ ಮಾತಿಗೇ ತಿಳಿದುಹೋಗಿತ್ತು. ಅದು ಅವನದೇ ದನಿ.

ಕೇಂದ್ರಕ್ಕೆ ಸೇರಿದ ಹೊಸತರಲ್ಲಿ ಅವನಿಗೆ ಕೊಟ್ಟಿದ್ದು ಅಳಿಸುವ ಕೋಣೆಯ ಕೆಲಸ. ಆಗ ಹೊಸ ಟೇಪಿಗೆ ಬರಗಾಲ. ಇನ್ನು ಬೇಡವೆಂದು ಮೇಲಿನವರು ಕಳಿಸಿದ ಟೇಪುಗಳನ್ನು ಒಂದು ದಪ್ಪ ಅಯಸ್ಕಾಂತದ ಯಂತ್ರದ ಮೇಲಿಟ್ಟು ತಿರುಗಿಸಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಕೈಗಡಿಯಾರ ಕಟ್ಟಿಕೊಂಡು ಹತ್ತಿರ ಹೋದರೆ ಗಡಿಯಾರವೇ ನಿಂತುಹೋಗುವಂಥ ಯಂತ್ರ ಅದು. ಅಳಿಸಿದ ಮೇಲೆ, ಟೇಪು ಸರಿಯಿದೆಯೇ ಎಂದು ನೋಡಲು, ಅಳಿಸಿದವನು ಅದರ ತಲೆಗೆ, ಅಂದರೆ ಶುರುವಿನಲ್ಲೇ, ಒಂದು ಮಾತು ಹೇಳಿ ತುಂಬಿಸಬೇಕು. ಇವನು ಅದನ್ನು ಎಷ್ಟು ಜಂಬದಿಂದ ಹೇಳುತ್ತಿದ್ದ ಎಂಬುದು ಈಗ ಕಿವಿಗೆ ರಾಚಿತು. ಕೇಂದ್ರದಲ್ಲೇ ಚುರುಕಾದ ಕೈ ಎಂದು ಎಲ್ಲರೂ ಬೆನ್ನು ತಟ್ಟಿದ್ದರು. ಅಳಿಸುವಾಗ ಒಳಗೆ ಏನಿದೆ ಎಂದು ಅವನು ಒಂದು ದಿನವೂ ನೋಡಲಿಲ್ಲ, ಅದಕ್ಕೆ ಬೇರೆ ಕಾರ್ಯಕ್ರಮ ತುಂಬಿಸಿದವರು ಡಬ್ಬಿಯ ಮೇಲಿನ ಹೆಸರು ಬದಲಿಸುವ ಗೋಜಿಗೆ ಹೋಗಲಿಲ್ಲ. ಆಮೇಲೆ ಕೆಲವೇ ತಿಂಗಳಿಗೆ ಆ ಮದುವೆಯಲ್ಲಿ, ರೇಡಿಯೋದಲ್ಲಿ ಹಾಡಿದ ಹುಡುಗಿಯ ಮುಂದೆ, ಅವನು ಬಾಯಿ ಬಿಟ್ಟುಕೊಂಡು ನಿಂತಿದ್ದ.

ಕೋಳಿಯ ಭಾಷಣವನ್ನು ಪೂರ್ತಿ ಕೇಳಿದ. ಅದಾದ ಮೇಲೆ ಏನಾದರೂ ಒಂದು ಚೂರು ಹಾಡು ಉಳಿದಿದೆಯೇನೋ ಎಂದು ಟೇಪು ಖಾಲಿ ತಿರುಗಿ ಪಟಪಟ ಬಡಿದುಕೊಳ್ಳುವವರೆಗೂ ಕೇಳಿದ. ಏನೂ ಇರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಇಷ್ಟು ವರ್ಷ ಯಾರ್ಯಾರದೋ ಕೆಮ್ಮನ್ನು ಕಾಪಾಡಿಕೊಂಡು ಬಂದೆ, ಮನೆಯವಳ ಹಾಡನ್ನು ಕೈಯಾರೆ ಒರೆಸಿ ಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಬಸ್ಸಿನಲ್ಲಿ ಬರುತ್ತಾ ಅವನು ಒಂದು ತೀರ್ಮಾನಕ್ಕೆ ಬಂದ. ಟೇಪು ಹೇಗಿದ್ದರೂ ಏನೂ ಹೇಳುವುದಿಲ್ಲ. ಹೇಳಬೇಕಾದವನು ತಾನೊಬ್ಬನೇ. ನ್ಯಾಯವೋ ಅನ್ಯಾಯವೋ, ಹೆಂಡತಿಯ ಕುತ್ತಿಗೆ ನೆಟ್ಟಗಿರಲಿ.

ಹೆಂಡತಿ ಒಲೆಯ ಮುಂದಿದ್ದಳು. ತಿರುಗಿ ನೋಡದೆ ಕೇಳಿದಳು, "ಕೇಳಿದ್ರಾ?"

"ಕೇಳ್ದೆ."

"ಏನು?"

"ನಿನ್ನದೇ ದನಿ ಕಣೇ."

ಸೌಟು ನಿಂತಿತು. "ನನ್ನದಾ?"

"ನಿನ್ನದೇ. ಅನುಮಾನವೇ ಬೇಡ."

"ಸರಿಯಾಗಿ ಕೇಳಿದ್ರಾ?"

"ನನ್ನ ಕಿವಿ ಬಗ್ಗೆ ನಿನಗೆ ಹೇಳ್ಬೇಕಾ? ಎರಡೆರಡು ಸಲ ಕೇಳ್ದೆ."

"ಹೇಗಿತ್ತು?"

"ಎಷ್ಟು ಚೆನ್ನಾಗಿತ್ತು ಅಂತೀಯ. ಅಷ್ಟು ಸಣ್ಣ ವಯಸ್ಸಿಗೆ ಏನು ಧೈರ್ಯ, ಏನು ಕಂಠ."

ಹೆಂಡತಿ ಒಲೆ ಆರಿಸಿದಳು. ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಗಂಡನ ಎದುರಿಗೆ ಬಂದು ನಿಂತಳು.

"ನೀವು ಯಾವತ್ತಿಂದ ಸುಳ್ಳು ಹೇಳೋಕೆ ಕಲಿತಿರಿ?"

"ನಾನಾ?"

"ನಾನು ಹಾಡೇ ಇಲ್ಲ. ಹಾಡಿದ್ದು ಅವಳೇ. ಮೈಕು ನೋಡಿ ನನಗೆ ಗಂಟಲೇ ಕಟ್ಟಿಹೋಯ್ತು. ಹೊರಗೆ ಬೆಂಚಿನ ಮೇಲೆ ಅಳ್ತಾ ಕೂತಿದ್ದೆ. ಜೊತೆಗೆ ಬಂದಿದ್ದವಳು ಅವಳು, ನಾನು ಕಲಿಯೋದನ್ನ ಕೇಳಿ ಕೇಳಿ ಹಾಡು ಅವಳಿಗೂ ಬರ್ತಿತ್ತು. ಹಾಡು ಕಲಿಸಿದ ಟೀಚರ್ ಅವಳನ್ನೇ ಎತ್ತಿಕೊಂಡು ಹೋಗಿ ನಿಲ್ಲಿಸಿದ್ರು. ಹೆಸರು ಮೊದಲೇ ಬರೆದುಕೊಟ್ಟಿದ್ರಲ್ಲ, ನನ್ನ ಹೆಸರೇ ಹೇಳಿಬಿಟ್ರು. ಇಬ್ಬರೂ ಬಾಯಿ ಮುಚ್ಚಿಕೊಂಡಿರಿ ಅಂದ್ರು ಟೀಚರ್. ನಾನು ಮುಚ್ಚಿಕೊಂಡೆ, ಅವಳು ಮುಚ್ಚಿಕೊಳ್ಳಲಿಲ್ಲ. ನಿಮ್ಮ ಮುಂದೆ ಒಂದು ಸಲ ಜಂಬ ಕೊಚ್ಚಿದ್ದು ನೋಡಿ, ನೀವು ಅಷ್ಟು ದೊಡ್ಡ ಬಾಯಿ ಬಿಟ್ರಿ. ಆಮೇಲೆ ವಾಪಸು ತಗೊಳ್ಳೋದು ಹೇಗೆ?"

ಸುರುಳಿಯಪ್ಪ ಸ್ಟೂಲು ಎಳೆದುಕೊಂಡು ಕೂತ.

"ನಿನ್ನೆ ಆ ಓವನ್ ಗುಂಡಿ ಇನ್ನೊಂದು ಸುತ್ತು ತಿರುಗಿಸಿಬಿಡೋಣ ಅಂತ ಎಷ್ಟು ಸಲ ಕೈ ಹೋಯ್ತು ಗೊತ್ತಾ? ಕೈ ಮೇಲೆ ಕೂತ್ಕೊಂಡಿದ್ದೆ ನಾನು" ಎಂದು ಹೇಳಿ ಅವಳು ಕಣ್ಣೊರೆಸಿಕೊಂಡಳು. "ಈಗ ಹೇಳಿ, ಅದರಲ್ಲಿ ಅವಳ ದನಿ ಇದೆ ತಾನೇ? ನನ್ನ ಮುಖ ನೋಡಿ ನನ್ನದು ಅಂದ್ರಿ ತಾನೇ?"

"ಅದರಲ್ಲಿ ಕೋಳಿ ಇದೆ."

"ಏನು ಇದೆ?"

"ಕೋಳಿ ಭೇದಿ. ಹಾಡು ಅಳಿಸಿಹೋಗಿದೆ ಕಣೇ. ಅಳಿಸಿದ್ದು ನಾನೇ. ಟೇಪಿನ ತಲೇಲಿ ನನ್ನ ದನಿ ಇದೆ."

ಹೆಂಡತಿ ಅವನನ್ನು ದಿಟ್ಟಿಸಿ ನೋಡಿದಳು. ಮೊದಲು ಅವಳ ಭುಜ ಅಲುಗಿತು, ಆಮೇಲೆ ಹೊಟ್ಟೆ, ಕೊನೆಗೆ ಗೋಡೆ ಹಿಡಿದುಕೊಂಡು ನಗತೊಡಗಿದಳು. ಸುರುಳಿಯಪ್ಪ ನಗಬೇಕೋ ಬೇಡವೋ ತಿಳಿಯದೆ ಸೌಟನ್ನು ತೊಳೆದಿಟ್ಟ. ನಕ್ಕು ನಕ್ಕು ಸಾಕಾದ ಮೇಲೆ ಅವಳ ಮುಖ ಬಾಡಿತು. ತಾನು ಇಷ್ಟು ವರ್ಷ ಹೆದರಿದ್ದು ಒಂದು ಕೋಳಿಗೆ ಎಂದು ಗೊತ್ತಾಗಿತ್ತು. ಈಗ ಸುಮ್ಮನಿದ್ದರೂ ಕೇಳುವವರಿಲ್ಲ, ಯಾವ ಸಾಕ್ಷಿಯೂ ಉಳಿದಿಲ್ಲ. ಆದರೆ ಅವಳು ಫೋನೆತ್ತಿಕೊಂಡಳು.

"ನಾನು ಕಣೇ, ಅಕ್ಕ" ಎಂದಳು. "ಅವತ್ತು ಹಾಡಿದ್ದು ನೀನು."

"ಟೇಪು ಹಾಗಂತಾ?"

"ನಾನು ಅಂತಿದ್ದೀನಿ. ಟೇಪಿನ ವಿಷಯ ನಿಮ್ಮ ಭಾವ ಹೇಳ್ತಾರೆ" ಎಂದು ಫೋನನ್ನು ಗಂಡನ ಕೈಗೆ ತುರುಕಿದಳು.

ಸುರುಳಿಯಪ್ಪನಿಗೆ ಧೈರ್ಯ ಸಾಲಲಿಲ್ಲ. "ನಾಳೆ ಕೇಂದ್ರಕ್ಕೆ ಬಾಮ್ಮ, ನೀನೇ ಕೇಳು" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಹೆಂಡತಿ "ಹೇಡಿ" ಎಂದಳು. ಅದಕ್ಕೆ ಅವನ ತಕರಾರಿರಲಿಲ್ಲ.

ನಾದಿನಿ ಒಳ್ಳೆಯ ಸೀರೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು ಬಂದಳು. ಯಾರನ್ನೋ ಎದುರುಗೊಳ್ಳಲು ಬಂದವಳ ಹಾಗಿದ್ದಳು. ಗಂಡನ ಜೊತೆ ಮೊದಲೇ ಬಂದು ನೆಲಮಾಳಿಗೆಯಲ್ಲಿ ಕೂತಿದ್ದ ಅಕ್ಕ ಎದ್ದು ನಿಂತಳು, ನಾದಿನಿ ತಲೆಯಾಡಿಸಿದಳು, ಇಬ್ಬರೂ ಬೇರೆ ಬೇರೆ ಕುರ್ಚಿಗಳಲ್ಲಿ ಯಂತ್ರದ ಕಡೆ ಮುಖ ಮಾಡಿ ಕೂತರು. ನೆಲಮಾಳಿಗೆಯಲ್ಲಿ ಸಾಬೂನೂ ಇರಲಿಲ್ಲ, ಪೊರಕೆಯೂ ಇರಲಿಲ್ಲ. ಸುರುಳಿಯಪ್ಪ ಟೇಪು ಓಡಿಸಿದ.

"ಖಾಲಿ ಇದೆ, ಬಳಸಬಹುದು."

"ಇದು ನಿಮ್ಮ ದನಿ ಅಲ್ವಾ ಭಾವ?" ಎಂದು ನಾದಿನಿ ಕೇಳುವಷ್ಟರಲ್ಲಿ ಕೋಳಿ ಡಾಕ್ಟರು ಶುರು ಮಾಡಿದರು. ಅವಳು ಸ್ವಲ್ಪ ಹೊತ್ತು ಕಾದಳು. ಕೋಳಿ ಮುಗಿದ ಮೇಲೆ ತನ್ನ ಹಾಡು ಬರಬಹುದೆಂದು ಕಾಯುತ್ತಿದ್ದಾಳೆಂದು ಸುರುಳಿಯಪ್ಪನಿಗೆ ಹೊಳೆಯಿತು. ಅವನು ಯಂತ್ರ ನಿಲ್ಲಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ನಾದಿನಿ ಸಿಟ್ಟಾಗಲಿಲ್ಲ. "ಹಾಗಾದ್ರೆ ಎಲ್ಲೂ ಇಲ್ಲ" ಎಂದಳು.

"ಎಲ್ಲೂ ಇಲ್ಲಮ್ಮ."

"ನಿಮಗೆ ಒಂದು ಮಾತು ಹೇಳ್ತೀನಿ ಭಾವ. ಎಲ್ಲರೂ ಇಲ್ಲ ಇಲ್ಲ ಅಂತ ಹೇಳಿ ಹೇಳಿ, ಈಚೀಚೆಗೆ ನನಗೇ ಅನುಮಾನ ಬಂದಿತ್ತು. ನಾನು ನಿಜವಾಗ್ಲೂ ಹಾಡಿದ್ನಾ, ಇಲ್ಲಾ ಕನಸು ಕಂಡ್ನಾ ಅಂತ. ಅಕ್ಕ ನಿನ್ನೆ ಫೋನಲ್ಲಿ ಹೇಳಿದ್ದೂ ಕರುಣೆಗೆ ಹೇಳಿದ್ದೇನೋ ಅನ್ನಿಸ್ತು. ಒಂದು ಸಲ ಕಿವಿಯಲ್ಲಿ ಕೇಳಿದ್ರೆ ಸಾಕಿತ್ತು." ಅವಳು ಕೈಚೀಲ ಎತ್ತಿಕೊಂಡು ಏಳಲು ಹೊರಟಳು.

"ನಾನು ಕೇಳಿದ್ದೀನಲ್ಲ" ಎಂದಳು ಅಕ್ಕ.

ನಾದಿನಿ ತಿರುಗಿದಳು.

"ನಾನು ಕೂತಿದ್ದ ಬೆಂಚಿನ ಮೇಲುಗಡೆ ಗೋಡೆಗೆ ಒಂದು ಸ್ಪೀಕರ್ ಇತ್ತು. ಎಲ್ಲಾ ಕೇಳಿಸ್ತು ನನಗೆ. ಮೊದಲನೇ ಸಾಲು ನೀನು ಮೆಲ್ಲಗೆ ಶುರು ಮಾಡ್ದೆ. ಎರಡನೇ ಸಾಲು ಎತ್ತಿದ್ದು ನೋಡು, ಹೊರಗೆ ಕೂತಿದ್ದ ತಬಲದವರು ಬೀಡಿ ಕೆಳಗೆ ಹಾಕಿ ತಲೆ ಎತ್ತಿದ್ರು. ಕೊನೇಲಿ ಉಸಿರು ಸಾಲದೆ ಒಂದು ಕಡೆ ನಿಲ್ಲಿಸ್ದೆ, ಆದ್ರೂ ತಾಳ ಬಿಡಲಿಲ್ಲ. ನನಗಿಂತ ಚೆನ್ನಾಗಿ ಹಾಡಿದ್ದೆ ಕಣೇ. ಅದಕ್ಕೇ ಬಾಯಿ ಬಿಡಲಿಲ್ಲ ನಾನು. ನೀನು ಕೆಟ್ಟದಾಗಿ ಹಾಡಿದ್ದಿದ್ರೆ ಅವತ್ತೇ ಊರಿಗೆಲ್ಲ ಹೇಳ್ತಿದ್ದೆ."

ನಾದಿನಿ ಅಕ್ಕನ ಮುಖವನ್ನೇ ನೋಡುತ್ತಾ ನಿಂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. "ಎರಡನೇ ಸಾಲು ಹೇಗೆ ಎತ್ತಿದ್ದೆ?" ಎಂದಳು.

ಅಕ್ಕ ಹಾಡಿ ತೋರಿಸಲು ಹೋದಳು. ರೇಡಿಯೋದ ಗಾಯಕಿ ಎಂದು ಬೀದಿಗೆಲ್ಲ ಹೆಸರಾದ ಹೆಂಡತಿ ಬಾಯಿ ಬಿಟ್ಟು ಹಾಡಿದ್ದನ್ನು ಸುರುಳಿಯಪ್ಪ ಕೇಳಿದ್ದು ಅದೇ ಮೊದಲು. ಶ್ರುತಿ ಒಂದು ದಿಕ್ಕಿಗೆ, ಹಾಡು ಇನ್ನೊಂದು ದಿಕ್ಕಿಗೆ. ಅವನು ಕೂಡಲೇ ಯಂತ್ರದ ತಿರುಪು ನೋಡುವವನಂತೆ ಬಗ್ಗಿಬಿಟ್ಟ.

"ಹಾಗಲ್ವೇ ಮಾರಾಯ್ತಿ" ಎಂದು ನಾದಿನಿ ಮೂಗೊರೆಸಿಕೊಂಡು, ಅಕ್ಕನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತು ತಾನೇ ಹಾಡಿದಳು. ವಯಸ್ಸಾದ ದನಿ, ಅಲ್ಲಲ್ಲಿ ಸೀಳಿತ್ತು. ಆದರೂ ಎರಡನೇ ಸಾಲಿಗೆ ಎದ್ದು ನಿಂತಿತು. ಹಾಡು ಮುಗಿದಾಗ ಸುರುಳಿಯಪ್ಪನ ಕೈ ಗಲ್ಲದ ಮೇಲೇ ಇತ್ತು.

"ರೆಕಾರ್ಡ್ ಮಾಡಿದ್ರಾ ಭಾವ?"

ಮಾಡಿರಲಿಲ್ಲ. ಗುಂಡಿ ಒತ್ತಬೇಕೆಂದು ಹೊಳೆದೇ ಇರಲಿಲ್ಲ. ಅವನ ಮುಖ ನೋಡಿಯೇ ಅಕ್ಕತಂಗಿ ಇಬ್ಬರಿಗೂ ಅರ್ಥವಾಯಿತು.

"ಎರಡನೇ ಸಲ ಕಳೆದ್ರು ನೋಡು" ಎಂದಳು ಹೆಂಡತಿ.

"ಇರಲಿ ಬಿಡಿ, ಇನ್ನೊಂದು ಸಲ ಹಾಡ್ತೀನಿ" ಎಂದಳು ನಾದಿನಿ. "ಆದ್ರೆ ಮೊದಲು ಅಕ್ಕನ್ನ ಹೊರಗಿನ ಬೆಂಚಿನ ಮೇಲೆ ಕೂರಿಸಿ."

ಹೆಂಡತಿ ಮರುಮಾತಾಡದೆ ಎದ್ದು ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಸುರುಳಿಯಪ್ಪ ಗುಂಡಿ ಒತ್ತಿ, ಮೈಕಿನ ಹತ್ತಿರ ಬಗ್ಗಿ, ನಾದಿನಿಯ ಹೆಸರನ್ನು ತವರಿನ ಹೆಸರು ಸಮೇತ ಬಿಡಿಸಿ ಬಿಡಿಸಿ ಹೇಳಿದ. ಅಷ್ಟರಲ್ಲಿ ಹೊರಗಿನಿಂದ ಹೆಂಡತಿಯ ದನಿ ಬಂತು.

"ಬಾಗಿಲು ಹಾಕಬೇಡ್ರೀ. ನನಗೆ ಕೇಳಿಸ್ಬೇಕು."

ಅವನು ಬಾಗಿಲನ್ನು ಅಗಲವಾಗಿ ತೆರೆದಿಟ್ಟ. ನಾದಿನಿ ಮೊದಲನೇ ಸಾಲನ್ನು ಮೆಲ್ಲಗೆ ಶುರು ಮಾಡಿದಳು.